ನಾಚಿಕೆಗೆ ನುಂಗಿದ ಒಂದು ಮಾತು

ಔಷಧಿ ಸೀಸೆ ಕೊಡಲೆಂದು ಕಮಾನು ಗಾಡಿಯ ಪರದೆ ಸರಿಸಿದರೆ, ಮಲಗಿದ್ದ ಬಸುರಿಯ ಕೆಳಗಿನ ಹುಲ್ಲೆಲ್ಲ ರಕ್ತ.

ಅರವತ್ತರ ದಶಕದಲ್ಲಿ ಶಿರಾ ಕಡೆಯ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ಹೆಂಗಸರು ಹೊರಗೆ ಗಾಡಿಯಲ್ಲೇ ಇದ್ದು, ಅವರ ಕಾಯಿಲೆಯನ್ನು ಗಂಡಸರೇ ಒಳಗೆ ಬಂದು ಹೇಳುತ್ತಿದ್ದ ಕಾಲ. ಇವಳ ಗಂಡ ಬರೀ ಹೊಟ್ಟೆನೋವು ಅಂದಿದ್ದ. ಡಾಕ್ಟರು ಮಿಕ್ಸ್ಚರ್ ಬರೆದಿದ್ದರು.

ಒಳಗೆ ಓಡಿದೆ. "ಸಾರ್, ನೀವೇ ಒಂದ್ಸಲ ಬಂದು ನೋಡಿ" ಎಂದೆ.

"ಡಾಕ್ಟರು ನಾನೋ, ನೀನೋ?" ಎಂದರು.

ಸುತ್ತ ಗಂಡಸರು ನಿಂತಿದ್ದರು. ರಕ್ತ ಎನ್ನಲು ನಾಚಿಕೆಯಾಗಿ, ಹೊರಗೆ ಬಂದು ಸೀಸೆಯನ್ನು ಅವಳ ಗಂಡನ ಕೈಗಿಟ್ಟೆ. ಗಾಡಿ ಹೊರಟುಹೋಯಿತು.

ಮೂರನೆಯ ದಿನ ಆ ಗಂಡ ತುಂಬಿದ ಸೀಸೆಯನ್ನು ಹಾಗೇ ವಾಪಸು ತಂದ. "ದಾರೀಲೇ ಓಗ್ಬುಟ್ಲು ಕಣಮ್ಮ. ಇದ್ನ ಬ್ಯಾರೆ ಯಾರ್ಗಾನ ಕೊಡಿ."

ಆಮೇಲೆ ಯಾರು ಎದುರಿಗಿದ್ದರೂ ರಕ್ತವನ್ನು ರಕ್ತವೆಂದೇ ಹೇಳಿದೆ. ಗಂಡುಬೀರಿ ಎಂಬ ಹೆಸರು ಬಂತು. ಆ ಹೆಸರು ಅವಳಿದ್ದಾಗಲೇ ಬರಬೇಕಿತ್ತು.