ಅರಮನೆಗೆ ಒಯ್ದ ಉಡಿ

ಎಪ್ಪತ್ತರ ದಶಕದ ಕೊನೆಯ ಒಂದು ಭಾನುವಾರ ಅಪ್ಪ ನಮ್ಮೆಲ್ಲರನ್ನೂ ಅರಮನೆ ನೋಡಲು ಹೊರಡಿಸಿದ. ಗದಗಿನ ಕಡೆಯಿಂದ ಬಂದು ಯಶವಂತಪುರದ ಕಾರ್ಖಾನೆಯಲ್ಲಿ ಕೆಲಸ ಹಿಡಿದಿದ್ದ ಅವನಿಗೆ ಊರು ಸುತ್ತುವ ಹುಚ್ಚೇನೂ ಇರಲಿಲ್ಲ. ಅವನ ಚಿಂತೆಯೆಲ್ಲ ತಂಗಿಯದು. ನನ್ನ ಆ ಅತ್ತೆಗೆ ಆಗ ಇಪ್ಪತ್ತಾರು. ಗಂಡ ತೀರಿಕೊಂಡು ಆರು ತಿಂಗಳಾಗಿತ್ತು. ಅಪ್ಪ ಅವಳನ್ನೂ ಅಜ್ಜಿಯನ್ನೂ ನಮ್ಮ ಎರಡು ಕೋಣೆಯ ಮನೆಗೆ ಕರೆತಂದಿದ್ದ. ಬಂದಾಗಿನಿಂದ ಅತ್ತೆ ಅಡುಗೆಮನೆಯ ಗೋಡೆಗೆ ಒರಗಿ ಕೂತದ್ದೇ ಕೂತದ್ದು. ಹೀಗೇ ಬಿಟ್ಟರೆ ತಂಗಿ ಉಳಿಯುವುದಿಲ್ಲ ಎಂದು ಅಪ್ಪ ಅವ್ವನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ.

ಅಜ್ಜಿಯದು ಬೇರೆಯೇ ಹಟ. "ವರ್ಷ ತುಂಬೂತನಕ ಹೊಸ್ತಿಲ ದಾಟಬಾರದು. ನಾ ದಾಟಿದ್ನೇನು?" ಅನ್ನುತ್ತಿದ್ದಳು. ಅವಳೂ ಹರೆಯದಲ್ಲೇ ಗಂಡನನ್ನು ಕಳೆದುಕೊಂಡವಳು. ತಾನು ಉಂಡ ಕಹಿಯನ್ನೇ ಮಗಳಿಗೂ ಬಡಿಸುತ್ತಿದ್ದಾಳೆಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅರಮನೆ ಎಂದೊಡನೆ ಮುದುಕಿ ಮೆತ್ತಗಾದಳು. ಮಗಳೊಬ್ಬಳನ್ನೇ ಮನೆಯಲ್ಲಿ ಬಿಡುವ ಹಾಗಿರಲಿಲ್ಲ, ತಾನು ಅರಮನೆ ನೋಡದೆ ಇರುವ ಹಾಗೂ ಇರಲಿಲ್ಲ.

ಮೊದಲು ಮಾರ್ಕೆಟ್ ಬಳಿಯ ಟಿಪ್ಪು ಅರಮನೆ. ಮರದ ಕಂಬಗಳು, ಬಣ್ಣ ಮಾಸಿದ ಗೋಡೆ, ಮೇಲೆ ಪಾರಿವಾಳ. ಅಜ್ಜಿ ಬಾಗಿಲು ಬಾಗಿಲಲ್ಲೂ ಇಣುಕಿ, "ಮನ್ಯಾಗಿನ ಮಂದಿ ಎಲ್ಲದಾರೋ?" ಎಂದು ಕೇಳುತ್ತಿದ್ದಳು. ಅತ್ತೆ ಒಂದು ಕಂಬಕ್ಕೆ ಒರಗಿ ಕೂತುಬಿಟ್ಟಳು. ಅದನ್ನು ಕಂಡು ಅಪ್ಪನ ಮುಖ ಸಣ್ಣಗಾಯಿತು. ಅವನು ಆಮೇಲೆ ಏನನ್ನೂ ತೋರಿಸಲಿಲ್ಲ.

ಮಧ್ಯಾಹ್ನ ಬಸ್ಸು ಬದಲಿಸಿ ಗುಟ್ಟಹಳ್ಳಿ ಕಡೆಯ ದೊಡ್ಡ ಅರಮನೆಗೆ ಬಂದೆವು. ಗೇಟು ಹಾಕಿತ್ತು. ಮರಗಳ ಮೇಲೆ ಗೋಪುರದ ತುದಿಯಷ್ಟೇ ಕಾಣುತ್ತಿತ್ತು. ಅಲ್ಲಿ ಅಜ್ಜಿ ತನ್ನ ಚೀಲ ಬಿಚ್ಚಿದಳು. ಕುಬಸ ಹೊಲಿಸುವ ಹಸಿರು ಕಣದ ಬಟ್ಟೆ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಂಕುಮದ ಪೊಟ್ಟಣ. ಊರಿನ ದೇಸಾಯರ ವಾಡೆಗೆ ಹೋದ ಹೆಂಗಸರು ಮನೆಯೊಡತಿಯ ಸೆರಗಿಗೆ ಇವನ್ನು ಹಾಕಿ ಉಡಿ ತುಂಬಿ ಬರುತ್ತಿದ್ದರು. ಅರಸರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ತಾನು ವಿಧವೆ, ಉಡಿ ತುಂಬುವಂತಿಲ್ಲ, ತುಂಬಿಸಿಕೊಳ್ಳುವಂತೆಯೂ ಇಲ್ಲ. ಅದಕ್ಕೆ ಎಲ್ಲವನ್ನೂ ಅವ್ವನ ಕೈಗೆ ಕೊಟ್ಟಳು.

"ಒಳಗ್ ಯಾರನ್ನೂ ಬಿಡಲ್ಲ ಕಣಮ್ಮ," ಎಂದ ಕಾವಲಿನವನು.

"ನೋಡಾಕಲ್ಲಪ್ಪಾ, ರಾಣಿಯವರಿಗೆ ಉಡಿ ತುಂಬಬೇಕು," ಎಂದಳು ಅಜ್ಜಿ.

"ಯಾವ್ ರಾಣೀನೂ ಇಲ್ಲ. ಬಿಸ್ಲಲ್ಲಿ ಸುಮ್ನೆ ಯಾಕ್ ನಿಂತಿದ್ದೀರಾ, ಹೋಗಿ," ಎಂದು ಅವನು ನಕ್ಕ. ಅವನ ಜೊತೆ ನಾನೂ ನಕ್ಕೆ. ಆ ನಗುವಿಗೆ ನನಗೆ ಇಂದಿಗೂ ನಾಚಿಕೆಯಿದೆ.

ಅಜ್ಜಿ ಕಂಗಾಲಾದಳು. "ಉಡಿ ಅಂತ ತಗದದ್ದು ತಿರುಗಿ ಮನಿಗೆ ಒಯ್ಯಬಾರದು. ಯಾವ ಹೆಣ್ಮಗಳಿಗರ ಹಾಕು," ಎಂದಳು. ಉರಿಬಿಸಿಲಿನ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅವ್ವ ಅತ್ತೆಯ ಕಡೆ ತಿರುಗಿದಳು. "ಸೆರಗ ಒಡ್ಡವಾ."

ಅತ್ತೆ ಹಿಂದೆ ಸರಿದಳು. "ನಂಗ್ಯಾಕ್ರಿ ವೈನಿ, ಬ್ಯಾಡ್ರಿ."

ಅಜ್ಜಿಯ ಎದುರು ಎಂದೂ ತಲೆಯೆತ್ತದ ಅವ್ವ ಅಂದು ನೇರ ಅವಳನ್ನೇ ನೋಡಿ, "ಇಲ್ಲಿ ಬ್ಯಾರೆ ಯಾರದಾರ್ರಿ ಅತ್ತಿ?" ಎಂದಳು. ಹಾಕಿದ್ದ ಗೇಟಿನ ಕಡೆ ಅಜ್ಜಿ ನೋಡಿದಳು, ಮಗಳನ್ನು ನೋಡಿದಳು.

ಅವ್ವ ಉಡಿ ತುಂಬಿದಳು. ಕುಂಕುಮದ ಹತ್ತಿರ ಮಾತ್ರ ಅವಳ ಕೈ ತಡೆಯಿತು. ಹಣೆಗೆ ಹಚ್ಚುವ ಧೈರ್ಯ ಅವಳಿಗೂ ಬರಲಿಲ್ಲ. ಪೊಟ್ಟಣವನ್ನು ಹಾಗೆಯೇ ಸೆರಗಿಗೆ ಇಟ್ಟಳು. ಅತ್ತೆಯ ಸೆರಗಿನ ಅಂಚು ಜಾರಿ ಒಂದಿಷ್ಟು ಅಕ್ಕಿ ಮಣ್ಣಿಗೆ ಚೆಲ್ಲಿತು.

ಅಜ್ಜಿ ಕುಕ್ಕರಗಾಲಲ್ಲಿ ಕೂತಳು. ಕಾಳು ಕಾಳಾಗಿ ಆರಿಸಿ, ಊದಿ, ಎದ್ದು ನಿಂತು, ಆ ಹಿಡಿ ಅಕ್ಕಿಯನ್ನು ತನ್ನ ಕೈಯಾರೆ ಮಗಳ ಸೆರಗಿಗೆ ಹಾಕಿದಳು.

ಬಸ್ ಸ್ಟಾಪಿನವರೆಗೆ ಅತ್ತೆ ತುಂಬಿದ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನಡೆದಳು. ಬಸ್ಸು ಬರುವುದು ತಡವಾಯಿತು. ಆಗ ಅವಳು, "ವೈನಿ, ನಂಗ ಹಸಿವಾಗೇತ್ರಿ," ಎಂದಳು. ಆರು ತಿಂಗಳಲ್ಲಿ ಅವಳು ತಾನಾಗಿ ಅನ್ನ ಕೇಳಿದ್ದು ಅದೇ ಮೊದಲು.