ಸೌಮಾ ಫೋನಿಗೆ ಬೈದದ್ದು

ತೈವಾನಿನ ಅಮಿಸ್ ಬುಡಕಟ್ಟು ಜನರ ಆ ಊರಿನಲ್ಲಿ ಸೌಮಾಳ ನಾಲಿಗೆಗೆ ಹೆದರದವರಿರಲಿಲ್ಲ. ಗಂಡ ಸತ್ತ ಮೇಲೆ ಗಣಿಕೆ ಸೊಪ್ಪು, ಬೆತ್ತದ ಸುಳಿ ಮಾರಿ ಬದುಕಿದವಳು. ಪಾದ್ರಿಯ ಪ್ರವಚನ ಕೇಳಿದರೂ ಒಂದು ಕೊಂಕು ತೆಗೆಯದೆ ಮನೆಗೆ ಬಂದವಳಲ್ಲ. ಆದರೆ ಅವಳ ತಿರಸ್ಕಾರದ ಸಿಂಹಪಾಲು ಮೀಸಲಾಗಿದ್ದದ್ದು ಗಂಡನ ಅಣ್ಣ ಕೊಲಾಸನಿಗೆ.

ಕೊಲಾಸ್ ಬಹಳ ಕಾಲ ತೈಪೆಯಲ್ಲಿ ಕಟ್ಟಡಗಳಿಗೆ ಸಾರುವೆ ಕಟ್ಟಿ ಮರಳಿದವನು. ಬಂದವನೇ ತಲೆಗೆ ಗರಿಯ ಕಿರೀಟ ಏರಿಸಿ ಕುಲದ ಹಿರಿಯನಾಗಿಬಿಟ್ಟ. ಅಮಿಸರ ಹಳೆಯ ವಿದ್ಯೆಗಳನ್ನು ವೀಡಿಯೊ ಮಾಡಿ ಜಾಲತಾಣಕ್ಕೆ ಏರಿಸುತ್ತೇವೆಂದು ಸರಕಾರಿ ಕಚೇರಿಯವರು ಬಂದಾಗ ಅವರ ಕಣ್ಣಿಗೆ ಬಿದ್ದದ್ದೂ ಆ ಕಿರೀಟವೇ.

ಕೊಳದಲ್ಲಿ ಮೀನಿಗೆ ಮನೆ ಕಟ್ಟುವುದು ಆ ಊರಿನ ವಿದ್ಯೆ. ತಳಕ್ಕೆ ಹಾವುಮೀನು ಮಲಗಲು ದಪ್ಪ ಬಿದಿರಿನ ಕೊಳವೆ, ಅದರ ಮೇಲೆ ಸಣ್ಣ ರೆಂಬೆ, ಎಲ್ಲಕ್ಕೂ ಮೇಲೆ ಬಿದಿರಿನ ಟೊಂಗೆ. ಕೊಲಾಸ್ ವೀಡಿಯೊದಲ್ಲಿ ಅದನ್ನು ತಲೆಕೆಳಗು ಮಾಡಿ ಹೇಳಿದ. ಚರ್ಚಿನ ಅಂಗಳದಲ್ಲಿ ಪರದೆ ಕಟ್ಟಿ ತೋರಿಸುವಾಗ ಊರು ಗೌರವದಿಂದ ಸುಮ್ಮನಿತ್ತು. ಸೌಮಾ ಸುಮ್ಮನಿರಲಿಲ್ಲ.

"ಏನ್ ಭಾವ, ಹಾವುಮೀನು ಮೇಲ್ಗಡೆ ಮಲಗುತ್ತಾ? ಅದಕ್ಕೂ ಸಾರುವೆ ಕಟ್ಟಿ ಹೆಲ್ಮೆಟ್ ಕೊಟ್ಟಿದ್ದೀರಾ?"

ಕೊಲಾಸನ ಮುಖ ಕೆಂಪಾಯಿತು. "ಇದು ಸರಕಾರದ ತಾಣದಲ್ಲಿ ಬಂದಾಯ್ತು. ಇನ್ಮೇಲೆ ಇದೇ ಸರಿ!"

ಆ ಮಾತು ಅವಳನ್ನು ಚುಚ್ಚಿತು. ಸೌಮಾಳ ತಮ್ಮನ ಮಗಳು ಓಸಾಯ್ ಹೇಳಿದಳು: "ಅತ್ತೆ, ಬಾಯಲ್ಲಿ ಬೈದದ್ದು ಗಾಳಿಗೆ ಹೋಗುತ್ತೆ. ಫೋನಿಗೆ ಬೈಯಿ."

ಮರುದಿನ ಸೌಮಾ ಕೊಳದ ಮೊಣಕಾಲುದ್ದ ನೀರಿಗಿಳಿದಳು; ಓಸಾಯ್ ಫೋನ್ ಹಿಡಿದು ವೀಡಿಯೊ ಮಾಡಿದಳು. "ನೋಡಿ, ಈ ಕೊಳವೆ ಕೆಳಗೆ. ಕೆಳಗೆ ಅಂದ್ರೆ ಎಲ್ಲಿ? ನಮ್ಮ ಭಾವನ ಬುದ್ಧಿ ಇದೆಯಲ್ಲ, ಅಲ್ಲಿ!" ಊರಿನವರ ಫೋನ್ ಗುಂಪಿಗೆ ಅದು ಹೋದದ್ದೇ ತಡ, ದೂರದ ನಗರಗಳಲ್ಲಿ ದುಡಿಯುವವರೂ ಬಿದ್ದುಬಿದ್ದು ನಕ್ಕರು. ಇನ್ನಷ್ಟು ಕಳಿಸು ಎಂದರು. ಸೌಮಾ ಉಬ್ಬಿದಳು. ಸೊಪ್ಪು, ಸುಳಿ, ಬೇರು, ಎಲ್ಲದಕ್ಕೂ ತಾನೇ ಪಂಡಿತೆಯಾದಳು. ಬೆತ್ತದ ಸುಳಿಯನ್ನು ಯಾವಾಗ ಬೇಕಾದರೂ ಕಡಿಯಬಹುದು ಎಂದೂ ಹೇಳಿಬಿಟ್ಟಳು.

ಸಂಜೆಯೊಳಗೆ ಹಾಸಿಗೆ ಹಿಡಿದಿದ್ದ ಮುದುಕಿ ಲಿಸಿನಳ ಉತ್ತರ ಅದೇ ಗುಂಪಿಗೆ ವೀಡಿಯೊ ಆಗಿ ಬಂತು. "ಲೇ ಸೌಮಾ, ಹೂ ಬಿಟ್ಟ ಬೆತ್ತಕ್ಕೆ ಕತ್ತಿ ಹಾಕಿದ್ರೆ ನಿಮ್ಮತ್ತೆ ಕೈಮೇಲೆ ಬಾರಿಸ್ತಿದ್ದಳು. ಸಂತೆಗೆ ಒಯ್ಯೋ ಆತುರದಲ್ಲಿ ಆ ಪಾಠವನ್ನೂ ಮಾರಿಕೊಂಡ್ಯಾ?"

ಅದನ್ನು ಇಡೀ ಊರು ನೋಡಿತು. ಕೊಲಾಸ್ ಎಲ್ಲರಿಗೂ ಕೇಳುವಂತೆ ಮತ್ತೆ ಮತ್ತೆ ಹಾಕಿಕೊಂಡು ನಕ್ಕ. ಸೌಮಾ ಫೋನನ್ನು ಅಕ್ಕಿ ಡಬ್ಬದೊಳಗೆ ತುರುಕಿ ಬಾಗಿಲು ಹಾಕಿಕೊಂಡಳು. ಮುದುಕಿ ಹೇಳಿದ್ದು ನಿಜವೆಂಬುದೇ ಅವಳಿಗೆ ಸಹಿಸಲಾಗದ ಸಂಗತಿ. ಕೊನೆಗೆ ನವಣೆ ಹೆಂಡದ ಸೀಸೆ ಹಿಡಿದು ಲಿಸಿನಳ ಮನೆಗೆ ಹೋದಳು.

"ಅಕ್ಕಾ, ಅರ್ಧ ಹೇಳಿ ನನ್ನ ಮಾನ ಕಳೆದೆ. ಕಳೆಯೋದಾದ್ರೆ ಪೂರ್ತಿ ಹೇಳಿ ಕಳೆ."

ಲಿಸಿನ್ ಹೇಳಿದಳು, ಸೌಮಾ ವಾದ ಹೂಡಿದಳು, ಓಸಾಯ್ ಫೋನಿನಲ್ಲಿ ಚಿತ್ರೀಕರಿಸಿದಳು. ಕೆಲವು ದಿನಗಳಲ್ಲಿ ಬೇರೆ ಮನೆಗಳ ಹಿರಿಯರೂ ತಪ್ಪು ಹಿಡಿಯಲು ಫೋನ್ ಎತ್ತಿಕೊಂಡರು.

ಸುದ್ದಿ ತಿಳಿದು ಕಚೇರಿಯ ಹೆಣ್ಣುಮಗಳೊಬ್ಬಳು ಬಂದಳು. "ಅಮ್ಮಾ, ಇವನ್ನೂ ತಾಣಕ್ಕೆ ಹಾಕ್ತೀವಿ. ಬೈಗುಳ ಮಾತ್ರ ಕತ್ತರಿಸ್ತೀವಿ."

"ಬೈಗುಳ ಕತ್ತರಿಸಿದ್ರೆ ಯಾರು ತಪ್ಪಿದ್ರು, ಯಾರು ತಿದ್ದಿದ್ರು ಅಂತ ಹೇಗಮ್ಮ ತಿಳಿಯುತ್ತೆ?" ಎಂದಳು ಸೌಮಾ. "ಹಾಕೋದಾದ್ರೆ ಪೂರ್ತಿ ಹಾಕಿ. ಮುದುಕಿ ನನಗೆ ಉಗಿದದ್ದೂ ಇರ್ಲಿ."