ಅತ್ತೆ ಇಳಿಸಿದ ಹಗ್ಗ

ಸ್ತನ ಕ್ಯಾನ್ಸರಿನ ಆಪರೇಷನ್ ಮುಗಿಸಿ ಅಲ್ಲಾಳಸಂದ್ರದ ಮನೆಗೆ ಬಂದಾಗ ನನ್ನ ಎಡಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ದಿನವೂ ಕೈ ಎತ್ತಿ ವ್ಯಾಯಾಮ ಮಾಡಲೇಬೇಕೆಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಅತ್ತೆ ಮಾತ್ರ, ನನಗೆ ಕಷ್ಟವಾಗದಿರಲೆಂದು, ತಾರಸಿಯಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಸೊಂಟದೆತ್ತರದಲ್ಲಿ ಹೊಸ ಮೊಳೆ ಹೊಡೆಸಿದ್ದರು. ನನಗೆ ರೇಗಿಹೋಯಿತು. ಬಲಗೈಯಿಂದಲೇ ಹಗ್ಗದ ಕುಣಿಕೆಗಳನ್ನು ಬಿಡಿಸಿ ಮೇಲಿನ ಹಳೆಯ ಮೊಳೆಗಳಿಗೆ ಸಿಕ್ಕಿಸಿದೆ.

“ಯಾಕಮ್ಮಾ ಇಷ್ಟು ಹಠ? ಬಟ್ಟೆ ನಾನೇ ಹಾಕ್ತೀನಿ ಬಿಡು,” ಅಂದರು ಅತ್ತೆ.

“ನೀವು ಹಾಕಿದ್ರೆ ನನ್ನ ಕೈ ಏಳಲ್ಲ ಅತ್ತೆ.”

ಮೊದಲ ದಿನ ಎಡಗೈಯಿಂದ ಒಂದು ಕರವಸ್ತ್ರ ಹಾಕುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ದಿನವೂ ಹಾಕಿದೆ. ಮೂರು ತಿಂಗಳಾದ ಮೇಲೆ, ಅತ್ತೆಯ ಒದ್ದೆ ಸೀರೆಯನ್ನು ಎರಡೂ ಕೈ ಎತ್ತಿ ಹರವಿದೆ. ಅವರು ಕೆಳಗೆ ಹೋಗಿ ಸುತ್ತಿಗೆ ತಂದು, ಸೊಂಟದೆತ್ತರದ ಮೊಳೆಗಳನ್ನು ಕಿತ್ತರು.